ಮಾರಿಷಸ್ ಆಸ್ಪತ್ರೆಯ ಮೊದಲ ವರ್ಷ

ಎಣ್ಣೆಯ ದರ ಏರುತ್ತದೆ ಎಂದು ಖಾತ್ರಿ ಇದ್ದರೂ ಎರಡು ಡಬ್ಬಿ ಹೆಚ್ಚಿಗೆ ತರಿಸಲು ಹಿಂದೆ ಮುಂದೆ ನೋಡುವ ಮನುಷ್ಯ ಸೂಗಪ್ಪ. ಮಸ್ಕಿಯ ಬಸ್‌ಸ್ಟ್ಯಾಂಡ್ ಎದುರಿನ ಕಿರಾಣಿ ಅಂಗಡಿಯನ್ನು ಅವನು ಅಷ್ಟು ಜೋಪಾನದಿಂದ ನಡೆಸಿಕೊಂಡು ಬಂದಿದ್ದ. ಅಂಥವನು ತೊಂಬತ್ಮೂರರಲ್ಲಿ ಸಿಂಧನೂರಿಗೆ ಮಾಲು ತರಲು ಹೋದಾಗ, ಮಾರಿಷಸ್ಸಿನಲ್ಲಿ ಆಸ್ಪತ್ರೆ ಕಟ್ಟುತ್ತಿದ್ದ ಕಂಪನಿಯೊಂದರ ಷೇರಿಗೆ ಐದು ಸಾವಿರ ಕಟ್ಟಿ ಬಂದ. ಹೆಂಡತಿ ಕಸ್ತೂರೆಮ್ಮನಿಗೆ ಇದು ಗೊತ್ತಾದದ್ದು ವಾರ ಕಳೆದ ಮೇಲೆ.

ಅವಳು ಜಗಳ ಆಡಲಿಲ್ಲ. ಆದರೆ ಆ ಮಾರಿಷಸ್ ಎಂಬ ಊರು ಎಲ್ಲಿದೆ, ಅಲ್ಲಿಯ ಮಂದಿಗೆ ಕಾಯಿಲೆಯಾದರೆ ತಮಗೇನು ಲಾಭ ಎಂಬುದು ಅವಳಿಗೆ ಬಗೆಹರಿಯಲಿಲ್ಲ. ಕೇಳಿದರೆ ಗಂಡ, "ಇರ್ಲಿ ಬಿಡು" ಎಂದು ತಕ್ಕಡಿಯ ಕಡೆ ತಿರುಗುತ್ತಿದ್ದ.

ಎರಡು ವರ್ಷದ ನಂತರ ಆಸ್ಪತ್ರೆಯ ಮೊದಲ ವರ್ಷದ ವರದಿ ಟಪಾಲಿನಲ್ಲಿ ಬಂತು. ಇನ್ನಷ್ಟು ಷೇರು ಕೊಳ್ಳಿರೆಂದು ಕಂಪನಿ ಕೇಳಿತ್ತು. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಲಿಂಗಸುಗೂರಿನ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ವೆಂಕೋಬ ಮಾಸ್ತರು ಪರಿಚಯದವರು. ಭಾನುವಾರ ಅಂಗಡಿ ಮುಚ್ಚಿ ಸೂಗಪ್ಪ ಹೊರಟಾಗ ಕಸ್ತೂರೆಮ್ಮ ತಾನೂ ಸೀರೆ ಬದಲಿಸಿ ಬಸ್ ಹತ್ತಿದಳು.

ಮಾಸ್ತರು ಪಡಸಾಲೆಯಲ್ಲಿ ಚಾಪೆ ಹಾಸಿಸಿ, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು.

"ನಷ್ಟ ಆಗೇತ್ರಿ ಸೂಗಪ್ಪನವ್ರ. ಆದ್ರ ಮೊದಲನೇ ವರ್ಷಕ್ಕ ಅದು ದೊಡ್ಡ ಮಾತಲ್ಲ. ಡಾಕ್ಟರಿಗೆ, ನರ್ಸಿಗೆ ಪೂರಾ ಪಗಾರ ಕೊಡಬೇಕು. ಹಾಸಿಗಿ ನೋಡಿದ್ರ ಮೂರರಾಗ ಒಂದೇ ತುಂಬೇತಿ."

"ಬರೋ ಮಂದಿ ಹೆಚ್ಚಾಗಾಕತ್ತಾರೋ ಕಡಿಮಿ ಆಗಾಕತ್ತಾರೋ?" ಸೂಗಪ್ಪ ಕೇಳಿದ.

"ಹೆಚ್ಚಾಗಾಕತ್ತಾರ. ಕಡೀ ಮೂರು ತಿಂಗಳು ಚಲೋ ಅದಾವ."

"ಉದ್ರಿ?"

ಮಾಸ್ತರು ನಕ್ಕು ಹಾಳೆ ತಿರುವಿದರು. "ಐತಿ. ವಿಮಾ ಕಂಪನಿಯವ್ರು ಕೊಡೋದು ಭಾಳ ಬಾಕಿ ಐತಿ."

"ಮತ್ತ ಈಗ ಕೇಳೋ ರೊಕ್ಕ ಎದಕ್ಕಂತ್ರಿ?"

ಇದಕ್ಕೆ ಮಾಸ್ತರಿಗೆ ಹೊತ್ತು ಹಿಡಿಯಿತು. ಸಣ್ಣ ಅಕ್ಷರದ ಟಿಪ್ಪಣಿಗಳನ್ನು ಎರಡು ಸಲ ಓದಿ, "ಹೊಸಾ ಹಾಸಿಗಿಗಲ್ಲ, ಹಳೇ ಸಾಲ ತೀರಸಾಕ," ಎಂದರು. "ಆಸ್ಪತ್ರಿ ನಡೀತದ, ಅದರ ಬಗ್ಗೆ ನನಗ ಅನುಮಾನ ಇಲ್ಲ. ಆದ್ರ ಬಂದದ್ದರಾಗ ಮೊದಲು ಬ್ಯಾಂಕಿನವ್ರು ಉಣ್ತಾರ. ನಿಮ್ಮಂಥಾ ಸಣ್ಣವ್ರ ಪಾಳಿ ಬರೋದು ಕಡೀಗೆ. ಇದ್ದದ್ದು ಇರ್ಲಿ, ಮತ್ತ ಹಾಕಬ್ಯಾಡ್ರಿ ಅಂತೀನಿ ನಾ."

ಊಟ ಮಾಡಿಕೊಂಡೇ ಹೋಗಿರೆಂದು ಮಾಸ್ತರ ಹೆಂಡತಿ ಬಲವಂತ ಮಾಡಿದರೂ ಸೂಗಪ್ಪ ಒಲ್ಲೆನೆಂದ. ಬಸ್‌ಸ್ಟ್ಯಾಂಡಿಗೆ ನಡೆದ. ಅವನ ಮುಖ ಸಣ್ಣದಾಗಿತ್ತು. ರೊಕ್ಕದ ಚಿಂತೆ ಇರಬೇಕೆಂದು ಕಸ್ತೂರೆಮ್ಮ ಅಂದುಕೊಂಡಳು.

"ಹೋದ್ರ ಹೋಗ್ಲಿ ಬಿಡ್ರಿ. ಐದು ಸಾವಿರಕ್ಕ ನಾವೇನು ಉಪವಾಸ ಬೀಳಂಗಿಲ್ಲ," ಎಂದಳು.

"ರೊಕ್ಕಕ್ಕಲ್ಲ."

"ಮತ್ತ?"

ಮಸ್ಕಿಯ ಬಸ್ ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕುಳಿತು ಸೂಗಪ್ಪ ರಸ್ತೆಯನ್ನೇ ನೋಡುತ್ತ ಹೇಳಿದ. "ಸಿಂಧನೂರಾಗ ಷೇರು ಮಾರೋ ಏಜೆಂಟ ಒಂದು ಚಿತ್ರ ತೋರ್ಸಿದ್ದ. ಗಾಜಿನ ಪೆಟಗಿ, ಅದರಾಗ ಒಂದು ಕೂಸು. ದಿನ ತುಂಬದ ಕೂಸನ್ನ ಅದರಾಗ ಇಟ್ಟು ಉಳಸ್ತಾರಂತ. ಇಲ್ಲಿ ಎಲ್ಲ್ಯಾರ ಅಂಥಾದ್ದು ಮಾಡಿದ್ರ ಅದಕ್ಕ ಕೊಡ್ತಿದ್ದೆ. ಇಲ್ಲಿ ಯಾರೂ ಕೇಳಲಿಲ್ಲ, ಅವ್ರು ಕೇಳಿದ್ರು. ಈಗ ನೋಡಿದ್ರ ಕೇಳೋದು ಬರೇ ಸಾಲ ತೀರಸಾಕ."

ಕಸ್ತೂರೆಮ್ಮನ ಕೈ ತಾನಾಗಿಯೇ ಸೆರಗನ್ನು ಹಿಡಿಯಿತು. ಎಂಬತ್ತರ ಬೇಸಿಗೆಯಲ್ಲಿ ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸನ್ನು ಅರಳೆಯಲ್ಲಿ ಸುತ್ತಿಕೊಂಡು ಇಬ್ಬರೂ ರಾಯಚೂರಿಗೆ ಹೊರಟಿದ್ದರು. ಸಿಂಧನೂರು ಮುಟ್ಟುವುದರೊಳಗೆ ಕೂಸಿನ ಉಸಿರು ನಿಂತಿತ್ತು. ಆಮೇಲೆ ಅವಳಿಗೆ ಗರ್ಭ ನಿಲ್ಲಲಿಲ್ಲ. ಗಂಡ ಮರುವಾರವೇ ಅಂಗಡಿ ತೆರೆದ, ಆ ಮಾತು ಒಮ್ಮೆಯೂ ಎತ್ತಲಿಲ್ಲ. ಮರೆತುಬಿಟ್ಟಿದ್ದಾನೆ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಅದಕ್ಕಾಗಿ ಒಳಗೊಳಗೇ ಮುನಿದೂ ಇದ್ದಳು.

"ನನ್ನ ಮುಂದ ಯಾಕ ಹೇಳಲಿಲ್ರಿ?"

"ನೀ ಅಳ್ತಿ ಅಂತ."

"ಅಳಾಕ ಬಿಡಬೇಕಿತ್ತು," ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಮನಸ್ಸಿನ್ಯಾಗ ಹೆಸರಿಟ್ಟಿದ್ರೇನು?" ಎಂದು ಕೇಳಿದಳು.

"ನೀಲಮ್ಮ ಅಂತ. ನೀ?"

"ನಾ ಬರೇ ಚಿನ್ನಿ ಅಂತಿದ್ದೆ."

ಬಸ್ ಬಂತು. ಕಿಟಕಿಯ ಸೀಟನ್ನು ಸೂಗಪ್ಪ ಅವಳಿಗೆ ಬಿಟ್ಟುಕೊಟ್ಟ. ಅವಳು ಸದ್ದಿಲ್ಲದೆ ಅತ್ತಳು. ಅವನು ಸಮಾಧಾನ ಹೇಳಲು ಹೋಗಲಿಲ್ಲ, ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಭುಜಕ್ಕೆ ಭುಜ ತಾಗಿಸಿ ಕುಳಿತ.

ಹೊಸ ಷೇರಿಗೆ ರೊಕ್ಕ ಕಳಿಸಲಿಲ್ಲ, ಹಳೆಯದನ್ನು ಮಾರಲೂ ಇಲ್ಲ. ಮಾಸ್ತರು ಹೇಳಿದಂತೆಯೇ ಆಯಿತು. ಆಸ್ಪತ್ರೆಯ ಹಾಸಿಗೆಗಳು ತುಂಬಿದವು, ಗಳಿಕೆ ಬಡ್ಡಿಗೆ ಹೋಯಿತು. ತೊಂಬತ್ತೆಂಟರಲ್ಲಿ ಬೇರೆ ಕಂಪನಿ ಅದನ್ನು ಕೊಂಡಾಗ ಸೂಗಪ್ಪನಿಗೆ ಹಾಕಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ವಾಪಸ್ ಬಂತು. ಮೋಸವಾಯಿತೆಂದು ಇಬ್ಬರಿಗೂ ಅನಿಸಲಿಲ್ಲ.

ಈಗ ಮನೆಯಲ್ಲಿ ನೀಲಮ್ಮನ ಮಾತು ಬರುತ್ತಿತ್ತು. ಜೋಳದ ರೊಟ್ಟಿ ತಟ್ಟುತ್ತ ಕಸ್ತೂರೆಮ್ಮ, "ಇದ್ದಿದ್ರ ಈಗ ಹದಿನೆಂಟು," ಎನ್ನುವಳು.

"ನಿನ್ನಂಗ ಖಾರ ತಿಂತಿದ್ದಿಲ್ಲ ಅಕಿ," ಎನ್ನುವನು ಸೂಗಪ್ಪ.

"ತಿಂತಿದ್ಳು. ನನ್ನ ಮಗಳಲ್ಲೇನು," ಎಂದು ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕುವಳು.