ಮೇಜಿನ ಪಕ್ಕದ ಸ್ಟೂಲು

ಲೆಕ್ಕ ತಪ್ಪಾದವರಿಗೆ ನಾನು ಬೈಯುವುದಿಲ್ಲ. ಬೈಯಬಾರದೆಂದಲ್ಲ, ಬೈದು ಬೈದು ಗಂಟಲು ಸೋತಿದೆ. ಅದಕ್ಕೇ ನನ್ನ ಮೇಜಿನ ಪಕ್ಕ ಒಂದು ಸ್ಟೂಲು ಹಾಕಿಸಿದೆ. ಯಾರ ಲೆಕ್ಕ ತಪ್ಪುತ್ತದೋ ಅವರು ಬಂದು ಅದರ ಮೇಲೆ ಕೂರಬೇಕು, ತಲೆಗೆ ಹತ್ತುವವರೆಗೂ ನಾನು ಹೇಳಿಕೊಡಬೇಕು. ಶಿಕ್ಷಕರ ಸಭೆಯಲ್ಲಿ ಇದನ್ನೇ ಹೇಳಿದೆ: "ಎಲ್ಲರಿಗೂ ಒಂದೇ ಅಳತೆ ಕೊಡೋದು ನ್ಯಾಯ ಅಲ್ಲ. ಯಾರಿಗೆ ಕಡಿಮೆ ಇದೆಯೋ ಅವರಿಗೆ ಜಾಸ್ತಿ ಕೊಡಬೇಕು." ಚಪ್ಪಾಳೆ ಬಿತ್ತು. ನಾನೂ ಉಬ್ಬಿಹೋದೆ.

ಆಮೇಲೆ ಚೂಟಿಯ ಲೆಕ್ಕಗಳು ತಪ್ಪತೊಡಗಿದವು.

ಚೂಟಿ ಎಂದರೆ ನಾವಿಟ್ಟ ಅಡ್ಡಹೆಸರು. ನಾನು ಲೆಕ್ಕ ಬರೆದು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಉತ್ತರ ಹೇಳುವ ಹುಡುಗಿ. ದೂರದ ವಸತಿ ಶಾಲೆಯೊಂದಕ್ಕೆ ನಮ್ಮಲ್ಲಿಂದ ಒಬ್ಬರನ್ನು ಕಳಿಸಬಹುದಿತ್ತು. ಊಟ, ಪುಸ್ತಕ, ಬಟ್ಟೆ ಎಲ್ಲ ಅವರದೇ. ಹೋಗುವವಳು ಇವಳೇ ಎಂದು ಎಲ್ಲರೂ ಗಟ್ಟಿ ಮಾಡಿಕೊಂಡಿದ್ದೆವು. ಈಗ ನೋಡಿದರೆ ಕೂಡುವುದರಲ್ಲೂ ಎಡವುತ್ತಿದ್ದಾಳೆ. "ಇವತ್ತು ಸಂಜೆಯೊಳಗೆ ಹೆಸರು ಹೇಳಿ, ಅವಳೋ ಬೇರೆಯವರೋ," ಎಂದರು ಹೆಡ್‌ಮೇಡಂ.

ಟೀಚರ್ಸ್ ರೂಮಿನಲ್ಲಿ ಕೇಳಿದೆ. ಕೇಳಬಾರದಿತ್ತು.

"ಕಣ್ಣು ತೋರಿಸ್ಬೇಕು ರೀ, ಬೋರ್ಡು ಕಾಣ್ತಿಲ್ಲ ಅವಳಿಗೆ," ಎಂದರು ವಿಜ್ಞಾನದ ಮೇಷ್ಟ್ರು.

"ಮನೇಲಿ ಏನೋ ಇದೆ," ಎಂದರು ಭಾಷೆಯ ಮೇಡಂ. ಅವರ ಪ್ರಕಾರ ಎಲ್ಲರ ಮನೆಯಲ್ಲೂ ಏನೋ ಇರುತ್ತದೆ.

"ಕೊಬ್ಬು," ಎಂದರು ಡ್ರಿಲ್ ಮೇಷ್ಟ್ರು, ಲೋಟದಿಂದ ತಲೆಯೆತ್ತದೆ.

ಮೂರೂ ನಿಜ ಅನ್ನಿಸಿತು, ಮೂರೂ ಸುಳ್ಳು ಅನ್ನಿಸಿತು. ಅವಳ ಅಮ್ಮನಿಗೆ ಫೋನ್ ಮಾಡಿದೆ. "ತಂಗಿಗೆ ದಿನಾ ಅವಳೇ ಲೆಕ್ಕ ಹೇಳ್ಕೊಡ್ತಾಳೆ ಮಿಸ್, ಒಂದೂ ತಪ್ಪಲ್ಲ," ಎಂದರು ಆಕೆ. ನನ್ನ ತಲೆ ಇನ್ನಷ್ಟು ಕೆಟ್ಟಿತು. ಮನೆಯಲ್ಲಿ ಬರುವ ಲೆಕ್ಕ ಶಾಲೆಗೆ ಬರುವಷ್ಟರಲ್ಲಿ ಎಲ್ಲಿ ಬಿದ್ದುಹೋಗುತ್ತದೆ?

ಶಾಲೆ ಬಿಟ್ಟ ಮೇಲೆ ಚೂಟಿ ಬಂದು ಸ್ಟೂಲಿನ ಮೇಲೆ ಕುಳಿತಳು. ಹಿಂದೆ ಇನ್ನೊಬ್ಬಳು ನಿಂತಿದ್ದಳು, ಭಾಗಾಕಾರ ಕಂಡರೆ ಬೆವರುವವಳು. ಚೂಟಿ ಯಾವಾಗ ಏಳುತ್ತಾಳೋ ಎಂದು ಈಚೆಗೆ ದಿನವೂ ಹೀಗೇ ಕಾಯುತ್ತಾಳೆ. ನಾನು ಹೇಳಿಕೊಡಲು ಶುರುಮಾಡಿದೆ. ಚೂಟಿ ಲೆಕ್ಕ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನನಗೇನೋ ಅನುಮಾನ ಬಂದು, ಬೇಕೆಂದೇ ಒಂದು ಕಡೆ ತಪ್ಪು ಬರೆದೆ.

"ಅಲ್ಲಿ ಏಳು ಬರ್ಬೇಕು ಮಿಸ್," ಎಂದವಳೇ ನಾಲಿಗೆ ಕಚ್ಚಿಕೊಂಡಳು.

ನನಗೆ ಸಿಟ್ಟು ನೆತ್ತಿಗೇರಿತು. "ಬರುತ್ತಲ್ಲೇ ನಿಂಗೆ! ಮತ್ತೆ ಈ ನಾಟಕ ಯಾಕೆ?"

ಅವಳು ಸ್ಟೂಲಿನ ಅಂಚನ್ನು ಉಗುರಿನಿಂದ ಕೆರೆದಳು. "ಸರಿ ಮಾಡಿದ್ರೆ 'ಗುಡ್' ಅಂತೀರ, ಮುಂದೆ ಹೋಗ್ಬಿಡ್ತೀರ. ತಪ್ಪು ಮಾಡಿದ್ರೆ ಪಕ್ಕದಲ್ಲಿ ಕೂರಿಸ್ಕೋತೀರ."

ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಏನು ಬರಬೇಕೆಂದು ಗೊತ್ತಾಗಲಿಲ್ಲ. "ನೋಡು, ಆ ಶಾಲೆ ದೊಡ್ಡದು ಕಣೇ," ಎಂದು ಏನೋ ಶುರುಮಾಡಿದೆ.

"ಅಲ್ಲಿ ಸ್ಟೂಲ್ ಇರುತ್ತಾ ಮಿಸ್?"

ಇರುತ್ತದೆ ಎನ್ನಲೇ? ಇವಳನ್ನು ಇಲ್ಲೇ ಇಟ್ಟುಕೊಂಡರೆ ಅದು ಪ್ರೀತಿಯೋ, ಅನ್ಯಾಯವೋ? ಹಿಂದೆ ನಿಂತವಳ ಪಾಲಿನ ಹೊತ್ತನ್ನು ಇಷ್ಟು ದಿನ ತಿಂದದ್ದು ಇವಳೋ, ನಾನೋ? ಕಡಿಮೆ ಇರುವವರಿಗೆ ಜಾಸ್ತಿ ಎಂದು ಸಭೆಯಲ್ಲಿ ಸಲೀಸಾಗಿ ಹೇಳಿದ್ದೆ; ಇವರಿಬ್ಬರಲ್ಲಿ ಕಡಿಮೆ ಇರುವುದು ಯಾರಿಗೆ?

ಹೆಡ್‌ಮೇಡಂ ಬಾಗಿಲಲ್ಲಿ ಇಣುಕಿದರು. "ಯಾರ ಹೆಸರು ಕಳಿಸ್ಲಿ?"

"ಇವಳದೇ," ಎಂದೆ. "ಎಲ್ಲಾ ಬರುತ್ತೆ ಇವಳಿಗೆ."

"ಗುಡ್," ಎಂದು ಅವರು ಮುಂದೆ ಹೋದರು.

ಚೂಟಿ ಎದ್ದಳು. ಲಂಗದ ತುದಿಯಿಂದ ಸ್ಟೂಲನ್ನು ಒರೆಸಿ, ಹಿಂದೆ ನಿಂತವಳ ಕಡೆ ತಳ್ಳಿದಳು.

"ಕೂತ್ಕೊಳೇ," ಎಂದಳು. "ನಂದು ಮುಗೀತು."