ಯುಗಾದಿಯ ಹೊಗೆ

"ಯಾವ ಮುಂಡೆಲಾ ಅವ್ಳು, ಒಲೆ ಹಚ್ಚಿರೋಳು? ಗೌಡ್ರ ಮನೇಲಿ ಇನ್ನೂ ಎಡೆ ಆಗಿಲ್ಲ, ಎಲೆ ಬಿದ್ದಿಲ್ಲ, ಆಗ್ಲೇ ಕೇರೀಲಿ ಹೊಗೆ! ಯಾರ್ದ್ಲಾ ಆ ಗುಡಿಸ್ಲು? ಬಾಯಿ ಬಿಡ್ರಲಾ ನಾಯಿಗಳಾ!"

ಕೇರಿಯ ಬಾಯಲ್ಲಿ ಹೊಂಗೆಮರದ ಕೆಳಗೆ ನಿಂತು ನರಸಿಂಹಪ್ಪ ಕೂಗುತ್ತಿದ್ದ. ಗೌಡರ ಮನೆಯ ಆಳುಗಳಿಗೆಲ್ಲ ಮೇಲಾಳು ಅವನು. ಕೇರಿಯೊಳಗೆ ಕಾಲಿಟ್ಟರೆ ಅವನಿಗೆ ಮೈಲಿಗೆ. ಬಯ್ಗಳಕ್ಕೆ ಮೈಲಿಗೆಯಿಲ್ಲ, ಅದು ಯಾರ ಗುಡಿಸಲಿಗಾದರೂ ನುಗ್ಗುತ್ತದೆ.

ಒಲೆಯ ಮುಂದೆ ಕುಂತಿದ್ದ ಕದಿರಮ್ಮನ ಕೈ ಹಂಚಿನ ಮೇಲೆಯೇ ನಿಂತಿತು.

ಬೇವುಗುಂಟೆಯಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ನಡೆದು ಬಂದ ಕಟ್ಟು ಅದು. ಯುಗಾದಿಯ ದಿನ ಗೌಡರ ಮನೆಯವರು ಉಂಡೆದ್ದ ಮೇಲೆ ಕೇರಿಯ ಹೆಂಗಸರು ಬಿದಿರ ಮಂಕರಿ ಹಿಡಿದು ಹಿತ್ತಲ ಗೋಡೆಯ ಹಿಂದೆ ಸಾಲಾಗಿ ಕೂರಬೇಕು. ಎಲೆಯಲ್ಲಿ ಉಳಿದದ್ದು, ಪಾತ್ರೆಯ ತಳದ್ದು, ಕಚ್ಚಿ ಬಿಟ್ಟ ಒಬ್ಬಟ್ಟು, ಎಲ್ಲಾ ಒಂದಾಗಿ ಗೋಡೆಯ ಮೇಲಿಂದ ಮಂಕರಿಗೆ ಬೀಳುತ್ತದೆ. ಅದರ ಬೆನ್ನಿಗೇ ಹಳೇ ಸೀರೆ, ಹಳೇ ಪಂಚೆ ಹಾರಿ ಬರುತ್ತವೆ. ಅದೇ ಹಬ್ಬದೂಟ, ಅದೇ ಹಬ್ಬದ ಬಟ್ಟೆ, ಅದೇ ಉಡುಗೊರೆ. ಅದು ಬರುವವರೆಗೂ ಕೇರಿಯಲ್ಲಿ ಒಂದು ಒಲೆಯೂ ಹೊಗೆಯಾಡಕೂಡದು.

ಈ ಯುಗಾದಿಗೆ ಕದಿರಮ್ಮನ ಒಲೆ ಹೊಗೆಯಾಡಿತ್ತು.

ಮಗ ತಿಮ್ಮರಾಯ ಯುದ್ಧ ಮುಗಿಸಿ ಬಂದಿದ್ದ. ಬರ್ಮಾದ ಕಾಡಲ್ಲಿ ಬಿಳಿಯರ ಲಾರಿಗಳಿಗೆ ರಸ್ತೆ ಕಡಿದು, ಜ್ವರ ತಿಂದು, ಮೈ ಅರ್ಧವಾಗಿ, ತಗಡಿನ ಪೆಟ್ಟಿಗೆ ಹೊತ್ತುಕೊಂಡು ಹೊಸೂರಿನಿಂದ ನಡೆದೇ ಬಂದಿದ್ದ. ಪೆಟ್ಟಿಗೆಯಲ್ಲಿ ಗೋಧಿಹಿಟ್ಟು, ತೊಗರಿಬೇಳೆ, ಅಚ್ಚುಬೆಲ್ಲ. ಅವುಗಳ ಅಡಿಯಲ್ಲಿ ಕೆಂಪಂಚಿನ ಹಸಿರು ಸೀರೆ, ಹೊಸೂರಿನ ದರ್ಜಿಯಿಂದ ಹೊಲಿಸಿದ ರವಿಕೆ. ಬಟ್ಟೆಯ ಬರಗಾಲದಲ್ಲಿ ಎಲ್ಲರೂ ಗೋಣಿ ಸುತ್ತಿಕೊಳ್ಳುವ ಕಾಲ ಅದು. ಸೀರೆಯನ್ನು ಮೂಗಿಗೆ ಹಿಡಿದು ಕದಿರಮ್ಮ ಅತ್ತಿದ್ದಳು. ಇನ್ನೊಬ್ಬರ ಬೆವರು ನಾರದ ಸೀರೆಯನ್ನು ಅವಳು ಅದುವರೆಗೆ ಉಟ್ಟವಳಲ್ಲ. ರವಿಕೆಯನ್ನಂತೂ ತೊಟ್ಟವಳೇ ಅಲ್ಲ. ಬೆಳಿಗ್ಗೆ ಅದನ್ನು ತೊಡುವಾಗ ಎಡತೋಳು ಯಾವುದು ಬಲತೋಳು ಯಾವುದು ತಿಳಿಯದೆ ಪಕ್ಕದ ಗುಡಿಸಲ ಪಿಳ್ಳಮ್ಮನನ್ನು ಕೂಗಿದ್ದಳು.

"ನಂಗೇನ್ ಗೊತ್ತಮ್ಮಿ? ನಾನೇನ್ ದಿನಾ ತೊಡ್ತೀನಾ?" ಪಿಳ್ಳಮ್ಮ ಬೊಚ್ಚುಬಾಯಲ್ಲಿ ನಕ್ಕಿದ್ದಳು. "ತಗೀ ಇತ್ಲಾಗೆ. ತಲೆ ಹಾಕೋ ತೂತು ಇಲ್ಲ ಅಂದ್ಮೇಲೆ ಕೈ ಹಾಕೋದೇ ಇರ್ಬೇಕು."

ಒಬ್ಬಟ್ಟಿನ ಕತೆಯೂ ಹಾಗೇ ಆಗಿತ್ತು. ಗೌಡರ ಮನೆಯ ಅಡುಗೆಕೋಣೆಯನ್ನು ಕಂಡವರು ಕೇರಿಯಲ್ಲಿ ಯಾರಿದ್ದಾರೆ? ತಣ್ಣಗೆ ಮುರಿದದ್ದನ್ನು ತಿಂದ ನಾಲಿಗೆಯ ನೆನಪು ಬಿಟ್ಟರೆ ಬೇರೆ ಲೆಕ್ಕವಿರಲಿಲ್ಲ. ಬೇಳೆ ಬೇಯಿಸಿ, ನೀರು ಬಸಿಯದೆ, ಬೆಲ್ಲ ಹಾಕಿ ರುಬ್ಬಿಬಿಟ್ಟಿದ್ದಳು. ಹೂರಣ ಅಂಬಲಿಯಾಗಿತ್ತು.

"ಇದ್ನ ತಟ್ಟಾಕಾಗಲ್ಲ ಕಣಮ್ಮಿ, ಮುಂತಕ್ಕೆ ಹುಯ್ಕೊಂಡು ಕುಡೀಬೇಕು," ಎಂದಿದ್ದಳು ಪಿಳ್ಳಮ್ಮ.

"ಕುಡಿಯಾಣ ಬುಡತ್ತೆ. ನಮ್ಮನೆ ಒಬ್ಬಟ್ಟು ನಮ್ಮಿಷ್ಟ," ಎಂದು ತಿಮ್ಮರಾಯ ನಕ್ಕಿದ್ದ. ಕೇರಿಯ ಮಕ್ಕಳೆಲ್ಲ ಬಾಗಿಲಲ್ಲಿ ಮೂಗರಳಿಸಿ ನಿಂತಿದ್ದವು.

ಆ ನಗು ಆರುವ ಮೊದಲೇ ಮರದ ಕೆಳಗಿನ ಕೂಗು ಬಂದಿತ್ತು.

ತಿಮ್ಮರಾಯ ಹೊರಗೆ ಬಂದ. "ಯಾಕಣ್ಣ ನರಸಿಂಹಪ್ಪ, ಕೂಗಾಡ್ತೀಯ? ಒಲೆ ನಮ್ದು, ಸೌದೆ ನಮ್ದು. ಹಬ್ಬ ಮಾಡ್ತಾ ಇದೀವಿ."

"ಹಬ್ಬಾನಾ? ನೀವಾ?" ನರಸಿಂಹಪ್ಪ ಬಾರುಕೋಲನ್ನು ನೆಲಕ್ಕೆ ಕುಟ್ಟಿದ. "ಏಮಿರಾ, ದಂಡಿನ ಪಟಾಲಮ್ಮಿಗೆ ಹೋಗಿ ಬಾಲ ಬಂದುಬುಡ್ತಾ ನಿಂಗೆ? ಆರಿಸ್ಲಾ ಒಲೆ! ಮಂಕರಿ ತಗೊಂಡು ಬರೋಕೇಳು ನಿಮ್ಮವ್ವನ್ನ!"

"ಇನ್ಮೇಕೆ ನಮ್ಮವ್ವ ಮಂಕರಿ ಹಿಡ್ಯಾಕಿಲ್ಲ. ಹಂಗಂತ ಹೇಳೋಗು ಗೌಡ್ರಿಗೆ."

ನರಸಿಂಹಪ್ಪ ನೆಲಕ್ಕೆ ಉಗಿದು ಊರ ಕಡೆಗೆ ಓಡಿದ.

"ಏನ್ಮಾಡ್ದೋ ಮಗಾ," ಕದಿರಮ್ಮ ಮಗನ ತೋಳು ಹಿಡಿದಳು. "ಹೋಗಿ ಬಂದ್ಬುಡ್ತೀನಿ ಕಣೋ. ಅವ್ರು ಹಾಕಿದ್ದನ್ನ ತಂದು ತಿಪ್ಪೆಗೆ ಸುರ್ದು, ಆಮೇಲೆ ನಮ್ದುನ್ನ ಉಣ್ಣಾಣ. ಯಾರ್ಗೂ ನೋವಾಗಾಕಿಲ್ಲ."

"ಇದೊಂದಿನ ಮನೇಲಿ ಉಣ್ಣವ್ವ," ಎಂದ ತಿಮ್ಮರಾಯ. "ಅಲ್ಲಿ ಮಳೇಲಿ ಹೆಣದ ಪಕ್ಕ ಮಲಗಿದ್ದಾಗ ಇದೊಂದನ್ನೇ ಬೇಡ್ಕೊಂಡಿದ್ದೆ. ನಮ್ಮವ್ವ ಹೊಸಾ ಸೀರೆ ಉಟ್ಕೊಂಡು, ನಮ್ಮ ಒಲೆ ಮುಂದೆ ಕುಂತು, ನಂಗೆ ಬಡಿಸ್ಬೇಕು ಅಂತ."

ಅವಳು ಮರಳಿ ಒಲೆಯ ಮುಂದೆ ಕುಂತಳು. ಎಲ್ಲವನ್ನೂ ಪಡಿ ಅಳೆದು ಕೊಡುವ ಕಂಟ್ರೋಲಿನ ಕಾಲದಲ್ಲಿ ಎಲ್ಲಿಂದಲೋ ತಂದ ಒಂದಿಷ್ಟು ಎಣ್ಣೆ ಸವರಿ ಹಂಚನ್ನು ಸರಿಮಾಡಿದಳು. ಹೂರಣಕ್ಕೆ ಹಿಟ್ಟು ಕಲಸಿ ಗಟ್ಟಿಮಾಡಿ ತಟ್ಟಿದ ಮೊದಲ ಒಬ್ಬಟ್ಟು ಹರಿಯಿತು. ಎರಡನೆಯದು ನಿಂತಿತು. ಅದನ್ನು ಮುತ್ತುಗದ ಎಲೆಗೆ ಹಾಕಿ, ಮಾರಮ್ಮನ ಹೆಸರು ಹೇಳಿ, ಕಣ್ಣು ಮುಚ್ಚಿ ಕೈ ಮುಗಿದಳು. ಕಣ್ಣು ತೆರೆಯುವಾಗ ಬಾಗಿಲಲ್ಲಿ ಬೆಳಕಿರಲಿಲ್ಲ.

ಆವತ್ತು ಮೈಲಿಗೆಯನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ನರಸಿಂಹಪ್ಪನ ಜೊತೆ ನಾಲ್ಕು ಆಳುಗಳು ಒಳಗೆ ನುಗ್ಗಿದರು. ಒಬ್ಬ ಒಲೆಗೆ ಒದ್ದ. ಹಂಚು ಸಿಡಿಯಿತು, ಕೆಂಡ ಮುತ್ತುಗದ ಎಲೆಯ ಮೇಲೆ ಚೆಲ್ಲಿತು. ತಿಮ್ಮರಾಯ ಎದ್ದ. ಎದ್ದವನ ಕುತ್ತಿಗೆಗೆ ಹಿಂದಿನಿಂದ ಮಿಣಿ ಬಿತ್ತು. ನೊಗಕ್ಕೆ ಕಟ್ಟುವ ಚರ್ಮದ ಹಗ್ಗ ಅದು. ಎಳೆದರೆ ಎತ್ತೇ ಬಗ್ಗುತ್ತದೆ.

ಹೊಂಗೆಮರದ ಕೆಳಗೆ ದೊಡ್ಡವೆಂಕಟಪ್ಪ ಗೌಡ ನಿಂತಿದ್ದ. ಎಣ್ಣೆನೀರು ಮಿಂದ ಮೈ, ಸರಿಗೆಯಂಚಿನ ಹೊಸ ಪಂಚೆ, ಹಣೆಯ ತುಂಬ ನಾಮ.

"ಕಟ್ರಲಾ," ಎಂದ. ಕೂಗಲಿಲ್ಲ. "ಸೋಜರ್ ದೊರೆ ಅಲ್ವಾ, ನಿಂತ್ಕೊಂಡೇ ಇರ್ಲಿ."

ತಿಮ್ಮರಾಯನನ್ನು ಮರಕ್ಕೆ ಬಿಗಿದರು. ಹೊಸ ಚಿಗುರಿನ ಮರ. ಬಾರುಕೋಲಿನ ಒಂದೊಂದು ಏಟಿಗೂ ಹೂವು ಉದುರಿ ಅವನ ತಲೆಯ ಮೇಲೆ, ಅಂಗಿಯ ಮೇಲೆ ಬಿತ್ತು. ಅಂಗಿ ಹರಿದ ಮೇಲೆ ತೆರೆದ ಮಾಂಸದ ಮೇಲೆ ಅಂಟಿತು. ಮೊದಮೊದಲು ಅವನು ಬಯ್ದ. ಆಮೇಲೆ ಅವ್ವಾ ಎಂದ. ಆಮೇಲೆ ಏಟಿನ ಸದ್ದು ಮಾತ್ರ ಉಳಿಯಿತು.

ಕದಿರಮ್ಮ ಓಡಿಬಂದು ಗೌಡನಿಗೆ ದೂರದಲ್ಲೇ ಅಡ್ಡಬಿದ್ದಳು. "ತಪ್ಪಾಯ್ತು ಬುದ್ಧಿ! ಹುಡುಗ್ಮುಂಡೇದು, ತಿಳೀಲಿಲ್ಲ. ನಿಮ್ಮ ಎಕ್ಕಡ ಹೊರ್ತೀನಿ, ಬುಡಿಸ್ರಪ್ಪಾ!"

ಗೌಡ ಅವಳ ಮಾತು ಕೇಳುತ್ತಿರಲಿಲ್ಲ, ಸೀರೆ ನೋಡುತ್ತಿದ್ದ.

"ನಮ್ಮನೆಯೋಳು ಒಂದು ಒಳ್ಳೆ ಸೀರೇಗೆ ಹೊಸೂರಿಗೆ ಮೂರ್ ಸಲ ಗಾಡಿ ಕಟ್ಸಿದ್ಲು. ಇಂಥಾದ್ದು ಸಿಗ್ಲಿಲ್ಲ," ಎಂದ. "ಇವ್ಳ ಮೈಮ್ಯಾಲೆ ನೋಡ್ಲಾ ನರಸಿಂಹಪ್ಪ, ಕುಪ್ಸ ಬೇರೆ! ಬಿಚ್ರಲಾ ಅದ್ನ. ಮುಟ್ಬ್ಯಾಡಿ, ಮನೇಲಿ ದೇವ್ರ ಕೆಲ್ಸ ಐತೆ."

ಮುಟ್ಟಲಿಲ್ಲ. ಹುಣಸೆಕಾಯಿ ಕೀಳುವ ದೋಟಿ ತಂದರು. ಕೋಲಿನ ತುದಿಯ ಕೊಕ್ಕೆಯನ್ನು ಸೆರಗಿಗೆ ಸಿಕ್ಕಿಸಿ ಎಳೆದರು. ಅವಳು ಹಿಡಿದುಕೊಂಡಳು, ಎಳೆದರು, ಗಿರ್ರನೆ ತಿರುಗಿದಳು, ಮಣ್ಣಿಗೆ ಬಿದ್ದಳು. ರವಿಕೆಗೆ ಇನ್ನೊಂದು ಕೊಕ್ಕೆ. ಬಟ್ಟೆಯ ಜೊತೆ ಹೆಗಲ ಚರ್ಮವೂ ಹರಿಯಿತು. ಕೇರಿಯ ಗಂಡಸರು ನೆಲ ನೋಡಿದರು. ಪಿಳ್ಳಮ್ಮ ತನ್ನ ಮೈಮೇಲಿದ್ದ ಗೋಣಿಯನ್ನು ಬಿಚ್ಚಿ ಅವಳ ಮೇಲೆ ಎಸೆದು, ತಾನು ತುಂಡುಬಟ್ಟೆಯಲ್ಲಿ ಮುದುರಿ ಕುಂತಳು.

"ಈ ಸೀರೇನ ಕೊಟ್ಗೇಗೆ ಒಯ್ದು ಎತ್ತಿನ ಮೈ ಒರ್ಸು," ಎಂದ ಗೌಡ. ಆಮೇಲೆ ಕದಿರಮ್ಮನ ಕಡೆ ತಿರುಗಿದ. "ಈಗ ಕೇಳು. ನಂದು ಮಡಿ ಎಲ್ಲಾ ಕೆಟ್ಟೋಯ್ತು, ತಿರ್ಗಿ ಮೀಯ್ಬೇಕು. ಪೂಜೆ ಆಗಿ ನಾವು ಉಂಡ್ಮ್ಯಾಲೆ ಹಿತ್ಲಿಗೆ ಬಾ. ಎಲ್ಲರಿಗಿಂತ ಮುಂದೆ ಕುಂತು, ನಾ ಎಸೆದಿದ್ದನ್ನ ನನ್ನ ಕಣ್ಮುಂದೆ ಉಂಡು, ಬದುಕಿಸಿದ್ರಿ ಬುದ್ಧಿ ಅನ್ನು. ಹೊತ್ತು ಮುಳುಗೋ ಹೊತ್ಗೆ ಇವನ್ನ ಬುಡ್ತೀನಿ. ಇಲ್ಲಾಂದ್ರೆ ನಾಳೆ ಹೊಸತೊಡಕು. ಕುರಿ ಬದ್ಲು ಇವನ್ನೇ ಕಡೀತೀನಿ."

ಗೌಡ ಹೋದ. ಕಾವಲಿಗೆ ಬಾರುಕೋಲು ಹಿಡಿದ ಒಬ್ಬ ಆಳು ಉಳಿದ. ಚೈತ್ರದ ಬಿಸಿಲು ಮರದ ತೆಳುನೆರಳನ್ನು ಸೀಳಿಕೊಂಡು ಇಳಿಯಿತು. ಕದಿರಮ್ಮ ಮಡಕೆಯಲ್ಲಿ ನೀರು ತಂದು ಮಗನ ತುಟಿಗೆ ಹಿಡಿದಳು. ಕುಡಿದದ್ದೆಲ್ಲ ಕೆಂಪಾಗಿ ವಾಪಸು ಬಂತು. ಎದೆಯ ಒಂದು ಪಕ್ಕ ಒಳಕ್ಕೆ ಹೋಗಿತ್ತು. ಉಸಿರಿಗೊಮ್ಮೆ ಒಳಗೆಲ್ಲೋ ಗೊರಗೊರ ಅನ್ನುತ್ತಿತ್ತು.

"ಅಣ್ಣಾ, ಸಡ್ಲಾನಾದ್ರೂ ಮಾಡಣ್ಣಾ," ಕಾವಲಿನವನನ್ನು ಬೇಡಿದಳು.

"ನಂಗೂ ಹೆಂಡ್ರು ಮಕ್ಳವ್ರೆ, ತಾಯೀ," ಎಂದು ಅವನು ಮುಖ ತಿರುಗಿಸಿದ.

"ಸಂಜೆಗಂಟ ಉಳ್ಯಾಕಿಲ್ಲ ಕಣಮ್ಮಿ," ಪಿಳ್ಳಮ್ಮ ಪಿಸುಗುಟ್ಟಿದಳು.

ಕದಿರಮ್ಮ ಮಂಕರಿ ಎತ್ತಿಕೊಂಡಳು. ಉಳಿದ ಹೆಂಗಸರು ಇನ್ನೂ ಹೊರಟಿರಲಿಲ್ಲ. ಗೌಡರು ಇನ್ನೂ ಉಂಡಿರಲಿಲ್ಲ. ಊರೊಳಗಿನ ದಾರಿ ಒಂದು ಕಡೆ ಹಿತ್ತಲಿಗೆ, ಒಂದು ಕಡೆ ಹೆಬ್ಬಾಗಿಲಿಗೆ ಒಡೆಯುವ ಕಡೆ ಅವಳು ಒಂದು ಗಳಿಗೆ ನಿಂತಳು. ಮಂಕರಿಯನ್ನು ಅಲ್ಲೇ ಇಳಿಸಿ ಹೆಬ್ಬಾಗಿಲ ಕಡೆಗೆ ನಡೆದಳು.

ಮಾವಿನ ತೋರಣ ಅವಳ ತಲೆಗೆ ತಾಗಿತು. ಜಗಲಿ, ಪಡಸಾಲೆ. ಕಣ್ಣಿಗೆ ಕಂಡದ್ದೆಲ್ಲ ಮೊದಲ ಸಲ. ಎರಡನೇ ಸಲ ಮಿಂದು ಒದ್ದೆಪಂಚೆಯಲ್ಲಿ ಗೌಡ ದೇವರ ಮುಂದೆ ಕುಂತಿದ್ದ. ಸಾಲಾಗಿ ಬಾಳೆಲೆ ಹಾಸಿತ್ತು. ಅಳಿಯಂದಿರು, ಹೆಣ್ಣುಮಕ್ಕಳು ಮಡಿಯುಟ್ಟು ನಿಂತಿದ್ದರು. ದೇವರ ಪಕ್ಕದಲ್ಲಿ ಅರಿಶಿನ ಹಚ್ಚಿದ ಹೊಸ ಬಟ್ಟೆಗಳ ರಾಶಿ, ಅದರ ಪಕ್ಕ ಬಿಳಿ ವಸ್ತ್ರ ಮುಚ್ಚಿದ ಒಬ್ಬಟ್ಟಿನ ಬುಟ್ಟಿ.

ಗೌಡನ ಹೆಂಡತಿ ರಾಮಲಕ್ಷ್ಮಮ್ಮ ತಿರುಗಿ ನೋಡಿ ಕಿಟಾರನೆ ಕಿರುಚಿದಳು. "ಅಯ್ಯಯ್ಯೋ! ಹೊಲೆಮುಂಡೆ ಒಳೀಕೆ ಬಂದವ್ಳೆ! ಹಿಡೀರೋ!"

ಹಿಡಿಯಬೇಕಾದರೆ ಮುಟ್ಟಬೇಕು. ಅಳಿಯಂದಿರು ಗೋಡೆಗೆ ಅಂಟಿ ನಿಂತರು.

ಕದಿರಮ್ಮ ವಸ್ತ್ರ ಸರಿಸಿ ಒಬ್ಬಟ್ಟಿನ ಬುಟ್ಟಿಗೆ ಮೊಣಕೈವರೆಗೆ ಕೈಯಿಟ್ಟಳು. ಅನ್ನದ ಪಾತ್ರೆಗೆ ಇಟ್ಟಳು. ಪಾಯಸಕ್ಕೆ ಇಟ್ಟಳು, ಸುಟ್ಟಿತು, ತೆಗೆಯಲಿಲ್ಲ. ಪಾಯಸ ತೊಟ್ಟಿಕ್ಕುವ ಕೈಯಿಂದಲೇ ಹೊಸ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಎದೆಗೆ ಒತ್ತಿ ಕೆಳಗಿಟ್ಟಳು. ಅಳಿಯನ ಪಂಚೆ, ಮಗಳ ಸೀರೆ, ಮೊಮ್ಮಗುವಿನ ಅಂಗಿ. ಅಂಗಿಯನ್ನು ಇಡುವಾಗ ಮಡಿಕೆ ಕೆಡದಂತೆ ಇಟ್ಟಳು. ಎಲೆಗಳ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದಳು. ನರಸಿಂಹಪ್ಪ ಹಿತ್ತಲಿಂದ ಓಡಿಬಂದು ಬಾರುಕೋಲು ಬೀಸಿದ. ಬೆನ್ನು ಒಡೆಯಿತು. ಅವಳು ನೀರಿನ ಹಂಡೆಗಳನ್ನು ಮುಟ್ಟಿಕೊಂಡು ಮುಂದೆ ಹೋದಳು. ಇನ್ನೊಂದು ಏಟಿಗೆ ಮಂಡಿಯೂರಿದಳು, ಎದ್ದಳು. ಹೆಬ್ಬಾಗಿಲ ಹೊರಗೆ ಬಂದಳು. ಅಂಗಳದಲ್ಲಿ ಬಾವಿ. ಬೇಸಿಗೆಯಲ್ಲಿ ಇಡೀ ಊರಿಗೆ ಸಿಹಿನೀರು ಇದ್ದದ್ದು ಅದೊಂದರಲ್ಲೇ. ಅದರ ಕಟ್ಟೆ ಹತ್ತಿ ಒಳಗೆ ಕಾಲು ಇಳಿಬಿಟ್ಟು ಕುಂತಳು. ರಾಟೆಯ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದಳು.

"ಇನ್ನೊಂದು ಏಟು ಬಿದ್ರೆ ಒಳೀಕೆ ಬೀಳ್ತೀನಿ," ಎಂದಳು. "ಊರೆಲ್ಲಾ ನನ್ನ ಹೆಣದ ನೀರು ಕುಡೀಲಿ."

ನರಸಿಂಹಪ್ಪನ ಕೈ ಗಾಳಿಯಲ್ಲೇ ನಿಂತಿತು. ಗೌಡ ಹೊರಗೆ ಬಂದಿದ್ದ. ಅವನ ಹಿಂದೆ ಮಡಿಯವರೆಲ್ಲ ಹಸಿದ ಹೊಟ್ಟೆಯಲ್ಲಿ ಒತ್ತಿ ನಿಂತಿದ್ದರು. ಕೂಗು ಕೇಳಿದ ಊರವರು ಬೀದಿಯಲ್ಲಿ ಸೇರತೊಡಗಿದರು.

"ಬಾವಿ ಕೆಟ್ರೆ ನಾವೇನ್ ಕುಡಿಯಾನ ಗೌಡ್ರೇ?" ಗುಂಪಿನಿಂದ ಯಾರೋ ಕೂಗಿದರು. "ದನಕರಾ ಏನ್ಮಾಡಾನ?"

ಗೌಡ ಬಾವಿಯ ಕಡೆಗೊಮ್ಮೆ, ಗುಂಪಿನ ಕಡೆಗೊಮ್ಮೆ ನೋಡಿದ. "ಹೋಗ್ಲಾ ನರಸಿಂಹಪ್ಪ. ಬಿಚ್ಚು ಅವನ್ನ. ಹಾಳಾಗೋಗ್ಲಿ."

"ಅವನಲ್ಲ," ಎಂದಳು ಕದಿರಮ್ಮ. ದನಿ ಸಣ್ಣಗಿತ್ತು, ಅಂಗಳಕ್ಕೆಲ್ಲ ಕೇಳಿತು. "ನೀನು ಹೋಗು. ನಿನ್ ಕೈಯಾಗೆ ಬಿಚ್ಚು. ಬಿಚ್ಚಿ, ಎತ್ಕೊಂಡೋಗಿ ನಮ್ಮ ಗುಡಿಸ್ಲಾಗೆ ಮಲಗಿಸ್ಬುಟ್ಟು ಬಾ."

"ಏನಂದ್ಯೇ, ಸೂಳೆ..."

ಅವಳು ಹಗ್ಗದ ಹಿಡಿತ ಸಡಿಲಿಸಿದಳು. ರಾಟೆ ಕಿರ್ರೆಂದಿತು. ಮೈ ಒಂದು ಗೇಣು ಒಳಕ್ಕೆ ಜಾರಿತು. ಗುಂಪಿನಲ್ಲಿ ಹೆಂಗಸರು ಚೀರಿದರು.

ಗೌಡ ಅಂಗಳ ಇಳಿದ. ಒದ್ದೆಪಂಚೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಬೀದಿಯಲ್ಲಿ ಜನ ಬದಿಗೆ ಸರಿದು ದಾರಿ ಬಿಟ್ಟರು, ಜೊತೆಗೆ ಯಾರೂ ಹೊರಡಲಿಲ್ಲ. ಬಾವಿಯ ಕಟ್ಟೆಯ ಮೇಲಿಂದ ಇಳಿಜಾರಿನ ಕೆಳಗೆ ಕೇರಿಯ ಬಾಯಿ ಕಾಣುತ್ತಿತ್ತು. ಹೊಂಗೆಮರ ಕಾಣುತ್ತಿತ್ತು. ಮರಕ್ಕೆ ಕಟ್ಟಿದ್ದ ಆಕಾರ ಅಲುಗುತ್ತಿತ್ತೋ ಇಲ್ಲವೋ ಬಿಸಿಲಿನ ಝಳಕ್ಕೆ ತಿಳಿಯುತ್ತಿರಲಿಲ್ಲ. ಮಂಕರಿ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಮರದ ಸುತ್ತ ನಿಲ್ಲುತ್ತಿದ್ದರು. ಗಂಡಸರೂ ಬಂದರು. ಕಾವಲಿನವನು ಹಿಂದೆ ಹಿಂದೆ ಸರಿದ.

ಗೌಡ ಮರದ ಮುಂದೆ ಹೋಗಿ ನಿಂತ. ಆಮೇಲೆ ಅವನ ಕೈ ಮೇಲೆದ್ದದ್ದು ಕಂಡಿತು. ಹೊಡೆಯಲಿಕ್ಕೋ ಬಿಚ್ಚಲಿಕ್ಕೋ ಅಷ್ಟು ದೂರದಿಂದ ಗೊತ್ತಾಗಲಿಲ್ಲ. ಸುತ್ತ ನಿಂತವರು ಒಂದು ಹೆಜ್ಜೆ ಮುಂದಕ್ಕೆ ಬಂದರು.

ಕದಿರಮ್ಮ ಹಗ್ಗ ಹಿಡಿದು ಅತ್ತಲೇ ನೋಡುತ್ತಿದ್ದಳು, ಕಟ್ಟೆಯಿಂದ ಏಳಲಿಲ್ಲ.