ಕತ್ತೆ ತಲೆಯ ಒಳಗಿನ ಸದ್ದು

ನಾನೊಂದು ಕತ್ತೆಯ ಮುಖವಾಡ. ಹುಟ್ಟಿದ್ದು ಧಾರವಾಡದ ಒಂದು ಮಕ್ಕಳ ನಾಟಕ ತಂಡದಲ್ಲಿ. ಹಳೇ ಪೇಪರು, ಮೈದಾ ಅಂಟು, ಮೇಲೊಂದಿಷ್ಟು ಬೂದು ಬಣ್ಣ, ಇಷ್ಟೇ ನನ್ನ ಮೈ. ಮಾಡಿದವರು ನಾಟಕ ಕಲಿಸುವ ಕೊಣ್ಣೂರ ಸರ್. ಕಣ್ಣಿಗೆ ತೂತು ಕೊರೆದರು, ಬಾಯಿಗೆ ಕೊರೆಯಲಿಲ್ಲ. "ಕತ್ತಿಗೆ ಮಾತಿಲ್ಲ, ಬಾಯಿ ಯಾಕ?" ಎಂದರು. ಹುಟ್ಟಿದ ದಿನವೇ ನನಗೆ ಉಸಿರು ಕಟ್ಟಿತು.

ನಾಟಕ ಏನಪ್ಪಾ ಅಂದರೆ, ಕತೆಗಾರನೊಬ್ಬ ಕತ್ತೆಯ ಕತೆ ಹೇಳುತ್ತಾನೆ. ಕಾಡಿನ ಪ್ರಾಣಿಗಳೆಲ್ಲ ಸೇರಿ ಅದನ್ನು ಗೋಳು ಹೊಯ್ದುಕೊಳ್ಳುತ್ತವೆ. ಕೊನೆಗೆ, ಯಾರನ್ನೂ ಹೀಗೆ ಕಾಡಬಾರದು ಎಂದು ಎಲ್ಲರೂ ಕೂಡಿ ಹಾಡುತ್ತಾರೆ. ಒಳ್ಳೆಯ ಹಾಡೇ. ಕೇಳಿ ಕೇಳಿ ನನಗೆ ಸಾಕಾಗಿತ್ತು.

ನನ್ನನ್ನು ತೊಟ್ಟವಳು ಭಾಗೀರಥಿ, ಎಂಟನೆಯ ತರಗತಿ. ಮಾತಾಡಿದರೆ ತೊದಲುತ್ತಿದ್ದಳು. ಅವಳಿಗೆ ಬೇಕಿದ್ದುದು ಕತೆ ಹೇಳುವ ಪಾತ್ರ. ಬಾಯಿ ಬಿಟ್ಟು ಕೇಳಿಯೂ ಇದ್ದಳು. "ನಿನಗ ತ್ರಾಸ ಆಗತೈತವಾ, ಕತ್ತಿ ಆಗು," ಎಂದರು ಸರ್, ಕನಿಕರದಿಂದಲೇ. ಪಾತ್ರ ಸಮರ್ಥನಿಗೆ ಹೋಯಿತು. ಅವನೋ, ಅರಳು ಹುರಿದಂತೆ ಮಾತಾಡುವ ಹುಡುಗ.

ತಾಲೀಮಿನಲ್ಲಿ ಕತ್ತೆಗೆ ಹೊಡೆದಂತೆ ನಟಿಸಬೇಕು. ಸರ್ ಹಾರ್ಮೋನಿಯಂ ಕಡೆ ತಿರುಗುವುದೇ ತಡ, ಸಮರ್ಥ ಕತೆ ಹೇಳುತ್ತಲೇ ಬಂದು ನನ್ನ ನೆತ್ತಿಗೆ ನಿಜಕ್ಕೂ ಕುಟ್ಟುತ್ತಿದ್ದ. ಉಳಿದವರೂ ಶುರು. "ಭಾ... ಭಾ... ಭಾಗೂ" ಎಂದು ಅಣಕ ಬೇರೆ. ಪೇಪರಿನ ತಲೆ ನೋಡಿ, ಹೊರಗೆ ಟಪ್ ಎಂದರೆ ಒಳಗೆ ಡಬ್ ಎನ್ನುತ್ತದೆ. ಅವಳು ಅಳುತ್ತಿರಲಿಲ್ಲ. ಇಡೀ ಕತೆಯನ್ನು ನನ್ನೊಳಗೇ ಪಿಸುಗುಡುತ್ತಿದ್ದಳು, ಒಂದಕ್ಷರ ಬಿಡದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರೆ ಜನ. ಅನ್ನಲಿ ಬಿಡಿ, ನನಗೆ ಗೊತ್ತಿತ್ತು.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಜನರ ನಗು ಕೇಳಿ ಹುಡುಗರ ಹುಮ್ಮಸ್ಸು ಏರಿತು, ಹೊಡೆತವೂ ಏರಿತು. ನನ್ನ ಎಡಗಿವಿ ಕಿತ್ತು ಬಿತ್ತು. ಭಾಗೀರಥಿ ನನ್ನನ್ನು ತೆಗೆದು ನೆಲದ ಮೇಲಿಟ್ಟಳು. "ಈ ಕ... ಕತಿ ನಾ ಹೇ... ಹೇಳತೀನಿ," ಎಂದಳು. ಜನ ಗೊಳ್ಳೆಂದರು. ಅವಳು ನಿಲ್ಲಿಸಲಿಲ್ಲ. ತಡವರಿಸುತ್ತಲೇ ಕೊನೆ ಮುಟ್ಟಿಸಿದಳು. ಅಷ್ಟರಲ್ಲಿ ನಗುವವರು ಯಾರೂ ಉಳಿದಿರಲಿಲ್ಲ.

ಪರದೆ ಬಿದ್ದದ್ದೇ ಸರ್ ಓಡಿ ಬಂದರು. "ಭೇಷ್ ಭಾಗೂ! ಆ ತೊದಲೂದು ಹಂಗ ಇಟ್ಟಬಿಡೂಣು. ಹುಡುಗೂರು ಹೊಡದದ್ದೂ ಖರೇನ ಹೊಡದಂಗ ಕಾಣಸ್ತು ನೋಡು!"

"ಖ... ಖರೇನ ಹೊಡದಾರ್ರಿ, ಸರ್. ದಿ... ದಿನಾ."

ಸರ್ ನನ್ನನ್ನು ಎತ್ತಿ ತಮ್ಮ ತಲೆಗೇ ಹಾಕಿಕೊಂಡರು. ಬೆರಳು ಮಡಚಿ ಒಮ್ಮೆ ಕುಟ್ಟಿಕೊಂಡರು. ಡಬ್! "ಅಯ್ಯೋ ಶಿವನೇ," ಎಂದರು ಒಳಗೆ. ಬಹಳ ಹೊತ್ತು ಹೊರಗೆ ಬರಲಿಲ್ಲ. ಅವರ ಕಣ್ಣೀರಿಗೆ ನನ್ನ ಅಂಟು ಸಡಿಲವಾಯಿತು.

ಈಗ ಬೀರುವಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿದ್ದೇನೆ. ಜಿರಲೆಗಳು ಸಂಸಾರ ಹೂಡಿವೆ. ನನ್ನನ್ನು ಮತ್ತೆ ಯಾರ ತಲೆಗೂ ಹಾಕಲಿಲ್ಲ, ಅದೊಂದು ಪುಣ್ಯ. ದಣಿದಿದ್ದೇನೆ ಕಣ್ರೀ. ಕೆಳಗೆ ತಾಲೀಮು ನಡೆದೇ ಇದೆ. ಈಗ ಕತೆ ಹೇಳುವವಳು ಭಾಗೀರಥಿ. ಅವಳು ಒಂದು ಮಾತಿಗೆ ಸಿಕ್ಕಿಕೊಂಡಾಗ ಸಮರ್ಥ ಅದನ್ನು ತಾನೇ ಮುಗಿಸಲು ಬಾಯಿ ತೆರೆಯುತ್ತಾನೆ.

"ತ... ತಡಿಯೋ," ಎನ್ನುತ್ತಾಳೆ.

ಅವನು ಬಾಯಿ ಮುಚ್ಚಿ ಕಾಯುತ್ತಾನೆ.